ಬಲಗಡೆಯ ಮೊದಲ ಡಬ್ಬಿ

“ಏಳನೇ ಇಯತ್ತೇಕ ಸಾಲಿ ಬಿಟ್ಟಾಂವನ ಕೈಯಾಗ ಕೊಟ್ರ ಹಿಂಗ ಆಗೂದ್ರಿ! ಮದವಿ ಮನಿಗೆ ಭೋಂಗಾ ಕಟ್ಟಾಂವ ನನ್ನ ಗಿಟಾರಿಗೆ ಕೈ ಹಚ್ಚ್ಯಾನ. ಕೇಳ್ರಿ ಈಗ, ಭೋಂಗಾದ ದನೀನ!”

ಗಿಟಾರ್ ಹಿಡಿದು ಹಾಡುತ್ತಿದ್ದ ಬಸವಪ್ರಭು ಇದನ್ನು ಕಿವಿಯಲ್ಲಿ ಹೇಳಲಿಲ್ಲ, ಮೈಕಿನಲ್ಲಿ ಹೇಳಿದ. ಹೇಳಿದ್ದು ಸಾಲದೆಂಬಂತೆ ಕೈ ಚಾಚಿ ವೇದಿಕೆಯ ಮಗ್ಗುಲಲ್ಲಿ ನಿಂತಿದ್ದ ಅಸದನನ್ನು ತೋರಿಸಿದ. ದೇಶಪಾಂಡೆ ನಗರದ ಆ ಸಭಾಭವನದಲ್ಲಿ ಇನ್ನೂರು ಮಂದಿ ಇದ್ದರು. ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಹಿಂದಿನದು, ಕೊನೆಗೆ ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತವನೂ ನಕ್ಕ. ಅವನಿಗೆ ಏನು ತಿಳಿಯಿತೋ, ಯಾಕೆ ನಕ್ಕನೋ. ಮೂರನೇ ಸಾಲಿನಲ್ಲಿದ್ದ ಋತುಜಾ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಮೊಬೈಲ್ ನೋಡುತ್ತ ಕೂತಳು. ಇನ್ನೂರು ಮಂದಿಯ ನಗುವನ್ನು ಅಸದ ಹೇಗೋ ನುಂಗಿದ. ಆ ಮೊಬೈಲ್ ನುಂಗುವುದು ಅವನಿಂದಾಗಲಿಲ್ಲ.

ಋತುಜಾ ಧಾರವಾಡದಲ್ಲಿ ಗಿಟಾರ್ ಕಲಿಸುವವಳು. ಅವಳ ಹತ್ತಿರ ಇಪ್ಪತ್ತು ಮಂದಿ ಕಲಿಯುತ್ತಾರೆ. ಹೋದ ವಾರ ಅಸದನಿಗೆ ಹೇಳಿದ್ದಳು: “ಬಸವಪ್ರಭು ಅವರಿಗೆ ನೀವು ಮಾಡಿಕೊಟ್ಟ ಬೋರ್ಡು ವೇದಿಕಿ ಮ್ಯಾಲೆ ಹೆಂಗ ಕೇಳಸ್ತೈತಿ ನೋಡ್ತೇನ್ರಿ. ಛಲೋ ಇದ್ರ ನಂದೂ ನೀವ ಮಾಡ್ರಿ.” ಅವಳದು ಮಾಡಿದರೆ ಅವಳ ಹುಡುಗರದೂ ಬರುತ್ತಿತ್ತು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಅಸದ ಅಂದರೆ ಇವತ್ತಿಗೂ ಮದುವೆಗಳಿಗೆ ಭೋಂಗಾ, ಅಂದರೆ ಕಹಳೆ ಬಾಯಿಯ ಧ್ವನಿವರ್ಧಕ, ಕಟ್ಟುವ ಮೈಕ್‌ಸೆಟ್ಟಿನ ಅಲ್ಲಾವುದ್ದೀನನ ಮಗ. ಅಷ್ಟೇ. ತನ್ನ ಕೆಲಸಕ್ಕೆ ತನ್ನದೇ ಹೆಸರು ಬೀಳಬೇಕು ಎಂದು ಅವನು ಆ ಶನಿವಾರಕ್ಕೆ ಕಾದಿದ್ದ. ಹೆಸರೇನೋ ಬಿತ್ತು. ಭೋಂಗಾ.

ಬೋರ್ಡ್ ಅಂದರೆ ಎರಡು ಮೊಳ ಉದ್ದದ ಒಂದು ಹಲಗೆ. ಅದರ ಮೇಲೆ ಸಾಲಾಗಿ ಆರು ಲೋಹದ ಡಬ್ಬಿಗಳು, ಕಾಲಿನಿಂದ ಒತ್ತುವ ಗುಂಡಿ ಇದ್ದಂಥವು. ಪೆಡಲ್ ಅನ್ನುತ್ತಾರೆ. ಗಿಟಾರಿನ ವೈರು ಒಂದು ತುದಿಯ ಡಬ್ಬಿಗೆ ಹೊಗುತ್ತದೆ, ದನಿ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ ಮತ್ತೊಂದು ತುದಿಯಿಂದ ಸ್ಪೀಕರಿಗೆ ಬೀಳುತ್ತದೆ. ಒಂದು ಡಬ್ಬಿ ಶ್ರುತಿ ನೋಡುತ್ತದೆ, ಒಂದು ದನಿಯನ್ನು ಹದಕ್ಕೆ ತರುತ್ತದೆ. ಕೆಂಪು ಡಬ್ಬಿ ದನಿಯನ್ನು ಹರಿದು ಗುಡುಗಿಸುತ್ತದೆ. ಅದರಾಚೆಯದು ತೇಲಿಸುತ್ತದೆ, ಅದರಾಚೆಯದು ಮರುದನಿ ಕೊಡುತ್ತದೆ, ಕಡೆಯದು ಗುಮ್ಮಟದೊಳಗೆ ನಿಂತು ಬಾರಿಸಿದ ಹಾಗೆ ಮಾಡುತ್ತದೆ. ರೊಕ್ಕ ಇದ್ದವರು ಯಾರು ಬೇಕಾದರೂ ಡಬ್ಬಿ ಕೊಳ್ಳಬಹುದು. ಯಾವುದರ ಹಿಂದೆ ಯಾವುದು ಅನ್ನುವುದೇ ವಿದ್ಯೆ. ಮೊದಲು ಹರಿದು ಆಮೇಲೆ ಗುಮ್ಮಟಕ್ಕೆ ಬಿಟ್ಟರೆ ಅದು ಹಾಡು. ಗುಮ್ಮಟದ ಗುಂಯ್ ಅನ್ನುವುದನ್ನೇ ತಂದು ಕೆಂಪು ಡಬ್ಬಿಯಲ್ಲಿ ಹರಿದರೆ, ಒಗ್ಗರಣೆ ಕೊಟ್ಟ ಸಾರನ್ನು ಮತ್ತೆ ಮಿಕ್ಸರಿಗೆ ಹಾಕಿ ತಿರುವಿದ ಹಾಗೆ.

ಅಸದ ಒಂದು ತಿಂಗಳು ಇದಕ್ಕೇ ಕಿವಿ ಕೊಟ್ಟು ಕೂತಿದ್ದ. ಎರಡನೆಯದನ್ನು ನಾಲ್ಕಕ್ಕೆ ಇಟ್ಟು ಕೇಳಿ, ಐದನೆಯದನ್ನು ಮೂರಕ್ಕೆ ತಂದು ಕೇಳಿ, ಬೇಸತ್ತು, ಬೈದು, ಮತ್ತೆ ಬಿಚ್ಚಿ ಜೋಡಿಸಿ, ಕೊನೆಗೊಂದು ದಿನ ಮೈ ಝುಂ ಅನ್ನುವಂಥ ಸಾಲು ಕೂಡಿಸಿದ್ದ. ಡಬ್ಬಿಗಳ ನಡುವಿನ ತುಂಡು ವೈರುಗಳ ಹೆಚ್ಚಿನ ಉದ್ದವನ್ನು ಸುರುಳಿ ಸುತ್ತಿ, ಅಪ್ಪ ಕಲಿಸಿದ ಚಪ್ಪಟೆ ಗಂಟು ಹಾಕಿ ದಾರದಿಂದ ಬಿಗಿದಿದ್ದ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದ: ಒಂದರಿಂದ ಆರರವರೆಗೆ ಡಬ್ಬಿಗಳ ಹೆಸರು, ಒಂದರ ಕೆಳಗೊಂದು. ಸೋಮವಾರ ಬಸವಪ್ರಭುವಿನ ಮನೆಗೆ ಒಯ್ದು ಕೊಟ್ಟು ಬಂದಿದ್ದ. ಅಲ್ಲಿಂದ ಶನಿವಾರದವರೆಗೆ ಅದನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ಶನಿವಾರ ಬಸವಪ್ರಭು ಬಂದದ್ದೇ ತಡವಾಗಿ. ಪರೀಕ್ಷೆ ಮಾಡಲು ಹೊತ್ತಿರಲಿಲ್ಲ. ಮೊದಲ ಹಾಡು ಬರೀ ತಂತಿಯ ದನಿಯಲ್ಲಿ ಮುಗಿಯಿತು. ಎರಡನೇ ಹಾಡಿಗೆ ಅವನು ಗುಮ್ಮಟದ ಡಬ್ಬಿಯ ಜೊತೆ ಕೆಂಪು ಡಬ್ಬಿಯನ್ನೂ ತುಳಿದ. ಅವನಿಗೆ ಬಣ್ಣ ಗೊತ್ತು, ಕ್ರಮ ಗೊತ್ತಿಲ್ಲ. ತುಳಿದದ್ದೇ ತಡ, ಸಭಾಭವನದ ತುಂಬ ರಾಡಿ ರಾಡಿ. ಜಲ್ಲಿಯ ಲಾರಿ ಬೋರಲಾದ ಹಾಗೆ.

ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟಿಗೆ ಹೋದಾಗ ಅಸದ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಡಬ್ಬಿಗಳು ತಿರುವುಮುರುವಾಗಿದ್ದವು. ಆರಕ್ಕೆ ಆರೂ. ಗಿಟಾರಿನ ದನಿ ಮೊದಲು ಗುಮ್ಮಟಕ್ಕೆ ಹೋಗಿ, ಕಡೆಗೆ ಶ್ರುತಿ ನೋಡುವ ಡಬ್ಬಿಗೆ ಬರುತ್ತಿತ್ತು. ಗುಂಡಿಗಳ ಸಂದಿಯಲ್ಲಿ ಬೆಳ್ಳನೆಯ ಪುಡಿ ಬೇರೆ. ಬೆರಳಿನಿಂದ ಒರೆಸಿ ಮೂಸಿದ. ಸುಣ್ಣವೋ, ಬೂದಿಯೋ? ಗುಂಡಿ ಕೂರಬಾರದೆಂದು ಯಾರೋ ಉದುರಿಸಿದ್ದಾರೆ ಎಂದುಕೊಂಡ. ಒಂದು ತುಂಡು ವೈರನ್ನು ಅದರ ದಾರದ ಸಮೇತ ಕಿತ್ತು ಜೇಬಿಗಿಟ್ಟ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಬಸವಪ್ರಭುವಿನ ಬೂಟು ಹಲಗೆಯ ಅಂಚಿಗೆ ಬಂದು ನಿಂತಿತು.

“ಮುಟ್ಟಬ್ಯಾಡ. ಕೆಡಿಸಿದ್ದು ಸಾಕು.”

ಮುಚ್ಚಳ ಹಾಕಿಕೊಂಡು ಅವನು ಹೋದ.

ಆ ರಾತ್ರಿ ಅಸದ ಒಂದೊಂದೇ ಮೋರೆಯನ್ನು ಕಣ್ಮುಂದೆ ತಂದುಕೊಂಡು ತೂಗಿ ನೋಡಿದ. ಒಂದು ಡಬ್ಬಿ ಅದಲುಬದಲಾಗಿದ್ದರೆ ಮರೆವು ಅನ್ನಬಹುದು. ಆರೂ ಹಿಂದುಮುಂದಾಗಬೇಕಾದರೆ ತಿಳಿದವನದೇ ಕೈ. ತಿಳಿದವನು ಯಾರು? ಬ್ಯಾಂಡಿನಲ್ಲಿ ಕೀಬೋರ್ಡ್ ಬಾರಿಸುವ ಶಿವಯೋಗೀಶ. ಇಂಜಿನಿಯರಿಂಗ್ ಓದಿದವನು. ‘ಈ ಡಬ್ಬಿ ಗಿಬ್ಬಿ ಯಾಕ, ಎಲ್ಲಾ ಒಂದ ಮಶೀನಿನ್ಯಾಗ ಬರ್ತೈತಿ’ ಎಂದು ತಿಂಗಳಿಂದ ಬಸವಪ್ರಭುವಿನ ಕಿವಿ ಊದುತ್ತಿದ್ದವನು.

ಭಾನುವಾರ ಮುಂಜಾನೆ ಶಿವಯೋಗೀಶ ತನ್ನ ಅಪ್ಪನ ಕಾಳಿನ ಅಂಗಡಿಯಲ್ಲಿ ಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

“ಬಾರೋ ಅಸದ. ಚಾ ಕುಡೀತಿ?”

“ಬೋರ್ಡ್ ಬಿಚ್ಚಿದಾಂವ ನೀನ ಅಲ್ಲ?”

“ಏನು?”

“ಗೊತ್ತಿಲ್ಲದಂಗ ಮಾಡಬ್ಯಾಡ. ಆರೂ ಉಲ್ಟಾ ಅದಾವು. ತಿಳೀಲಾರದಾಂವ ಕೈ ಹಾಕಿದ್ರ ಒಂದೆರಡು ತಪ್ಪತಾವು. ಆರಕ್ಕ ಆರೂ ಉಲ್ಟಾ ಮಾಡಾಕ ತಿಳದಾಂವನ ಬೇಕು.”

ಶಿವಯೋಗೀಶ ಬಶಿ ಕೆಳಗಿಟ್ಟು ನಕ್ಕ. “ನೀ ಹೊಗಳಾಕ ಬಂದಿಯೋ ಬೈಯಾಕ ಬಂದಿಯೋ, ಮೊದಲ ಅದನ್ನ ಹೇಳು.”

“ನಗಬ್ಯಾಡ.”

“ನಗದ ಏನ್ಮಾಡ್ಲಿ? ಸೋಮವಾರದಿಂದ ಶುಕ್ರವಾರತನಕಾ ನಾ ಹೆಬ್ಬಳ್ಳ್ಯಾಗ ಅಕ್ಕನ ಮನ್ಯಾಗ ಇದ್ನಿ. ದಸರಾ ಹಬ್ಬಾ ಅಲ್ಲೇ ಆತು. ಬೇಕಂದ್ರ ಅಕ್ಕಗ ಫೋನ್ ಹಚ್ಚಿ ಕೇಳು.”

“ನಿಮ್ಮಕ್ಕ ನಿನ್ನ ಕಡೆ ಹೇಳದ ನನ್ನ ಕಡೆ ಹೇಳ್ತಾಳೇನು?”

ಈಗ ಶಿವಯೋಗೀಶನ ನಗು ಆರಿತು. “ನೋಡ್ ಅಸದ, ನಿನ್ನ ಡಬ್ಬಿ ನನಗ ಸೇರೂದಿಲ್ಲ, ಖರೇ. ಸೇರೂದಿಲ್ಲ ಅಂತ ಮಾರಿ ಮುಂದ ಹೇಳೇನಿ. ಕದ್ದು ಕೆಡಸಾಂವ ಅಲ್ಲ ನಾನು. ನಿನಗ ಸಂಶೇ ಬರಬೇಕಂದ್ರ ಬೋರ್ಡು ಐದು ದಿನಾ ಯಾರ ಮನ್ಯಾಗ ಇತ್ತು, ಅಲ್ಲಿಂದ ಚಾಲೂ ಮಾಡು.”

ಅಸದ ಚಹಾ ಕುಡಿಯದೆ ಎದ್ದ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದು ಕೂತಿತು. ಯಾರ ಮನೆಯಲ್ಲಿ ಇತ್ತು? ಬಸವಪ್ರಭುವಿನ ಮನೆಯಲ್ಲಿ. ಋತುಜಾ ಮೊದಲ ಸಲ ಬೋರ್ಡ್ ಮಾಡುವವನ ನಂಬರ್ ಕೇಳಿದಾಗ ‘ಕಳಸ್ತೇನಿ, ಕಳಸ್ತೇನಿ’ ಎಂದು ಹದಿನೈದು ದಿನ ಎಳೆದವನು ಯಾರು? ಅವನೇ. ‘ಊರ ಮಂದಿಗೆಲ್ಲ ಇಂಥಾದ ಮಾಡಿಕೊಟ್ರ ನನ್ನ ದನಿ ನಂದು ಅಂತ ಏನ ಉಳೀತಲೇ ಅಸದ್ಯಾ’ ಎಂದು ಹೆಗಲ ಮೇಲೆ ಕೈ ಹಾಕಿ ನಕ್ಕವನು ಯಾರು? ಅವನೇ. ಋತುಜಾಳ ಮುಂದೆ ಒಂದು ಸಲ ಮುಖಕ್ಕೆ ಮಸಿ ಬಳಿದುಬಿಟ್ಟರೆ ಮುಗಿಯಿತಲ್ಲ. ಒಂದು ಹಾಡು ಕೆಟ್ಟರೆ ಅವನಿಗೇನು, ಹತ್ತಿ ವ್ಯಾಪಾರದ ಮನೆಯ ಹುಡುಗ, ನಾಳೆ ಇನ್ನೊಂದು ಹಾಡುತ್ತಾನೆ.

ಮಧ್ಯಾಹ್ನ ಬಸವಪ್ರಭುವಿನದೇ ಫೋನ್ ಬಂತು.

“ಲೇ, ಬೋರ್ಡಿನ್ಯಾಗ ಒಂದ ವೈರ್ ಇಲ್ಲ. ನೀನ ಒಯ್ದಿ ಅಂತ ಗೊತ್ತೈತಿ. ಕಳವೂ ಚಾಲೂ ಮಾಡಿದೇನು? ನಾಳೆ ಸಂಜೀಕ ಮನ್ಯಾಗ ತಾಲೀಮು ಐತಿ, ತಂದು ಒಗಿ. ಋತುಜಾನೂ ಬರಾಕತ್ತಾರ. ನೋಡ್ಲಿ ಅವ್ರೂ, ಎಂಥಾ ಮಿಸ್ತ್ರಿ ಅಂತ.”

ಅಸದ ಏನೂ ಅನ್ನುವ ಮೊದಲೇ ಫೋನ್ ಇಟ್ಟ.

ಅಸದನ ತಾಯಿ ಗುಲ್ಜಾರಬಿ ಹೊಸ್ತಿಲಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಇಪ್ಪತ್ತೈದು ವರ್ಷದಿಂದ ಆ ಓಣಿಯ ಅರ್ಧ ಮುಡಿಗಳಿಗೆ ಅವಳದೇ ಹೂವು. ಅಸದ ಜೇಬಿನ ವೈರನ್ನು ತೆಗೆದು ನೆಲಕ್ಕೆ ಎಸೆದ. ಅದು ಉರುಳಿ ಅವಳ ಹೂವಿನ ಬುಟ್ಟಿಗೆ ತಾಗಿತು.

“ಸಾಮಾನಿನ ಮ್ಯಾಲ ಯಾಕ ಸಿಟ್ಟು ಬೇಟಾ?” ಅನ್ನುತ್ತ ಅವಳು ಎತ್ತಿಕೊಂಡಳು. ಸುರುಳಿಗೆ ಸುತ್ತಿದ ದಾರವನ್ನು ನೋಡಿದಳು, ಉಗುರಿನಿಂದ ಎತ್ತಿ ನೋಡಿದಳು. “ಇದನ್ನ ಯಾರು ಕಟ್ಟಿದ್ರು?”

“ನಾನ. ಅಪ್ಪಾನ ಗಂಟು.”

“ಯಾರಿಗೆ ಹೇಳ್ತಿ? ನಿಮ್ಮಪ್ಪ ಹಿಂಗ ಕಟ್ಟಿದ್ದ ನಾ ಹುಟ್ಟಾ ನೋಡಿಲ್ಲ. ಎರಡು ಸುತ್ತು, ನಡುವ ಒಂದ ಉರಲು, ಎಳದ್ರ ಕೂಡತೈತಿ. ಇದು ಹೂವಿನ ಗಂಟು. ಹೆಂಗಸರ ಕೈ. ಅದೂ ಅವಸರದ ಕೈ ಅಲ್ಲ, ಕುಂತು ಚೆಂದಾಗಿ ಕಟ್ಟ್ಯಾಳ ನೋಡು.”

ಅಸದ ವೈರನ್ನು ಕಿತ್ತುಕೊಂಡು ಬಾಗಿಲ ಬೆಳಕಿಗೆ ಹಿಡಿದ. ಹೌದು. ನಿನ್ನೆಯಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದವನು ಅದನ್ನು ನೋಡಿಯೇ ಇರಲಿಲ್ಲ. ಹಾಗಾದರೆ ಆ ಮನೆಯ ಹೆಂಗಸರ ಕೈಯಿಂದ ಮಾಡಿಸಿದ್ದಾನೆ! ಸಂಶಯ ಕಡಿಮೆಯಾಗುವ ಬದಲು ಇನ್ನೂ ಒಂದು ಗೇಣು ಬೆಳೆಯಿತು.

ಸೋಮವಾರ ಸಂಜೆ ಉಳಿದವರು ಬರುವುದಕ್ಕಿಂತ ಅರ್ಧ ತಾಸು ಮೊದಲೇ ಅವನು ಬಸವಪ್ರಭುವಿನ ಮನೆಯ ಗೇಟು ತೆರೆದ. ಬಾಗಿಲಿಗೆ ಬಂದವಳು ಬಸವಪ್ರಭುವಿನ ಅಜ್ಜಿ ಈರವ್ವ. ಮನೆಯವರೆಲ್ಲ ಅವಳನ್ನು ಆಯಿ ಅನ್ನುತ್ತಾರೆ, ಅಸದನೂ ಅದನ್ನೇ ಅನ್ನುತ್ತಾನೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಆ ಬಿಳುಪನ್ನು ನೋಡಿದ್ದೇ ಅಸದನ ಬೆರಳ ತುದಿಗೆ ಡಬ್ಬಿಯ ಸಂದಿಯ ಪುಡಿ ನೆನಪಾಯಿತು.

“ಬಾ ಯಪ್ಪಾ, ಒಳಗ ಬಾ. ಹಬ್ಬಕ್ಕ ಬರ್ಲೇ ಇಲ್ಲಲ್ಲ ನೀ? ಬಸು ಹೊರಗ ಹೋಗ್ಯಾನ, ಬರ್ತಾನ. ಕುಂಡ್ರು. ನಿಂದೊಂದು ಸಾಮಾನು ಐತಿ ನನ್ನ ಕಡೆ.”

ದೇವರ ಕೋಣೆಗೆ ಹೋಗಿ ಬಂದಳು. ಕೈಯಲ್ಲಿ ಅವನ ಪಕ್ಕಡ, ವೈರು ಕತ್ತರಿಸುವ ಚೂಪು ಮೂತಿಯ ಇಕ್ಕಳ. ಅಪ್ಪನ ಕಾಲದ್ದು. ವಾರದಿಂದ ತನ್ನ ಮೈಕ್‌ಸೆಟ್ಟಿನ ಅಂಗಡಿಯೆಲ್ಲ ಹುಡುಕಿದ್ದ. ಅದರ ಹಿಡಿಕೆಯ ಮೇಲೆ ಮೂರು ಬಿಳಿಯ ಗೆರೆ, ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು.

“ಹೋದ ಸೋಮವಾರ ಬಿಟ್ಟು ಹೋಗಿದ್ದಿ. ಬುಧವಾರ ಖಂಡೇಪೂಜಿ, ಆಯುಧಪೂಜಿ ಇತ್ತಲ್ಲ, ತಕ್ಕಡಿ, ಕಾರು, ಮಿಕ್ಸರು, ಬಸೂನ ಗಿಟಾರು, ನಿನ್ನ ಡಬ್ಬಿ, ಎಲ್ಲಾ ಇಟ್ಟಿದ್ವಿ. ಡಬ್ಬಿಗೆ ಪೂಜಿ ಮಾಡಿ, ಅದನ್ನ ಮಾಡಿದ ಕೈಯಾಂದು ಬಿಟ್ರ ಹೆಂಗ ಅಂದೆ. ಇದನ್ನ ಎಲ್ಲಾಕ್ಕಿಂತ ಮೊದಲಿಗೆ ಇಟ್ಟೆ ನೋಡು.”

ಅಸದ ಪಕ್ಕಡ ತೆಗೆದುಕೊಂಡ. “ಡಬ್ಬಿ ಬಿಚ್ಚಿ ಇಟ್ಟಿದ್ರೇನು ಆಯಿ?”

“ನಾ ಹಲಗಿ ಸಮೇತನ ಇಡ್ತಿದ್ನಿ. ಬಸೂನ ಅಂದಾ, ಬಿಚ್ಚಿ ಒಂದೊಂದ ಇಡ್ರಿ, ಫೋಟೋ ಛಲೋ ಬರ್ತೈತಿ ಅಂತ. ಮರುದಿನಾ ನಮ್ಮ ಹುಡುಗಿ ಆರತಿ ಕುಂತು ಎಲ್ಲಾ ಮತ್ತ ಕೂಡಿಸಿದ್ಲು. ನಿನ್ನ ಚೀಟಿ ನೋಡಿಕೋತ, ಒಂದು, ಎರಡು, ಮೂರು ಅಂತ. ಒಂದ ತಾಸ ಹಿಡೀತು. ಬಸೂ ನೋಡಿ ಬರೋಬ್ಬರಿ ಐತಿ ಅಂದಾ.”

ಅಡಿಗೆ ಮನೆಯ ಬಾಗಿಲಲ್ಲಿ ಬಸವಪ್ರಭುವಿನ ತಂಗಿ ಆರತಿ ಬಂದು ನಿಂತಿದ್ದಳು. ಪಿಯುಸಿ ಓದುವ ಹುಡುಗಿ. ಅವಳು ಅಜ್ಜಿಯನ್ನು ನೋಡಲಿಲ್ಲ, ಅಸದನನ್ನೇ ನೋಡುತ್ತಿದ್ದಳು. “ಅಸದಣ್ಣಾ,” ಎಂದಳು ಮೆಲ್ಲಗೆ, “ಶನಿವಾರ ಹಂಗ ಆಗಿದ್ದು… ನಾ ಎಡಕಿನಿಂದ ಒಂದು ಅಂತ ಹಿಡಿದಿದ್ದೆ. ಹಂಗ ಅಲ್ಲೇನು?”

ಅಸದ ಗೋಡೆಗೆ ಒರಗಿಸಿಟ್ಟಿದ್ದ ಬೋರ್ಡಿನ ಮುಚ್ಚಳ ತೆರೆದು ಚೀಟಿ ನೋಡಿದ. ತನ್ನದೇ ಅಕ್ಷರ. ಒಂದು, ಎರಡು, ಮೂರು. ಯಾವ ಕಡೆಯಿಂದ ಒಂದು? ಅದು ಎಲ್ಲಿಯೂ ಇರಲಿಲ್ಲ. ಪೆಡಲಿಗೆ ವೈರು ಹೊಗುವ ತೂತು ಬಲಕ್ಕೆ ಇರುತ್ತದೆ, ಹೊರಡುವುದು ಎಡಕ್ಕೆ. ಅವನಿಗೆ ಅದರಲ್ಲಿ ವಿಶೇಷ ಅನಿಸಿರಲೇ ಇಲ್ಲ. ಕನ್ನಡ ಸಾಲಿಗೆ ಹೋಗುವ ಮೊದಲು ಮಸೀದಿಯಲ್ಲಿ ಮುಂಜಾನೆ ಅರಬ್ಬಿ ಓದಲು ಕಲಿತವನು. ಸಾಲು ಬಲದಿಂದ ಎಡಕ್ಕೆ ಹೋಗುವುದು ಅವನ ಕಣ್ಣಿಗೆ ಎಂಟಾಣೆ ಪೆಪ್ಪರಮಿಂಟಿಗಿಂತ ಹಳೆಯದು. ಆರತಿ ಎಲ್ಲರ ಹಾಗೆ ಎಡದಿಂದ ಶುರು ಮಾಡಿದಳು. ಒಂದನ್ನೂ ತಪ್ಪಿಸದೆ, ಕೂತು, ಹೂವಿನ ಗಂಟು ಹಾಕಿ, ಆರನ್ನೂ ತಪ್ಪಿಸಿದಳು. ‘ಬಲಗಡೆಯಿಂದ’ ಎಂದು ಒಂದು ಮಾತು ಬರೆದಿದ್ದರೆ ಮುಗಿದಿತ್ತು. ಅಷ್ಟು ಬರೆಯಲು ಏಳನೇ ಇಯತ್ತೆ ಸಾಕಿತ್ತು.

ಆದರೆ ಬಸವಪ್ರಭು? ಬಿಚ್ಚಿಸಿದವನು ಅವನು. ಕೂಡಿಸಿದವಳು ತಂಗಿ ಎಂದು ಗೊತ್ತಿದ್ದವನು ಅವನು. ಗೊತ್ತಿದ್ದೂ ಮೈಕು ಹಿಡಿದು ಬೆರಳು ತೋರಿಸಿದ. ತಿಳಿಯದೆ ‘ಬರೋಬ್ಬರಿ ಐತಿ’ ಅಂದನೋ, ತಿಳಿದೇ ಅಂದನೋ? ಅದನ್ನು ಯಾವ ಗಂಟು ಬಿಚ್ಚಿ ನೋಡುವುದು?

ಹೊರಗೆ ಬೈಕು ನಿಂತ ಸಪ್ಪಳವಾಯಿತು. ಬಸವಪ್ರಭು, ಅವನ ಹಿಂದೆ ಶಿವಯೋಗೀಶ, ಗಿಟಾರ್ ಚೀಲ ಹೊತ್ತ ಋತುಜಾ.

“ಬಂದೇನಪಾ ಕಳ್ಳಾ? ತಂದಿ ವೈರು?”

ಅಸದ ಬೋರ್ಡನ್ನು ನಡುವಿಗೆ ಎಳೆದ. ನೆಲದ ಮೇಲೆ ಕೂತು ಆರೂ ಡಬ್ಬಿಗಳನ್ನು ಚರ್ ಚರ್ ಎಂದು ಹಲಗೆಯ ಅಂಟುಪಟ್ಟಿಯಿಂದ ಎಬ್ಬಿಸಿದ. ಶ್ರುತಿ ನೋಡುವುದನ್ನು ಬಲತುದಿಗೆ ಒತ್ತಿದ. ಅದರ ಎಡಕ್ಕೆ ಹದದ್ದು. ಅದರ ಎಡಕ್ಕೆ ಕೆಂಪು. ವೈರು ಬಿಗಿಯಲು ಪಕ್ಕಡ ಎತ್ತಿದಾಗ ಅದರ ಮೇಲಿನ ಮೂರು ಬಿಳಿಯ ಗೆರೆ ಎಲ್ಲರಿಗೂ ಕಂಡವು. ಬಸವಪ್ರಭುವಿಗೂ ಕಂಡವು. ಅವನು ಅಜ್ಜಿಯನ್ನೊಮ್ಮೆ, ಪಕ್ಕಡವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ತನ್ನ ಗಿಟಾರನ್ನು ತೊಡೆಗೆ ಎಳೆದುಕೊಂಡ.

ಜೇಬಿನ ವೈರನ್ನು ಹೂವಿನ ಗಂಟಿನ ಸಮೇತ ಅದರ ಜಾಗಕ್ಕೆ ಸಿಕ್ಕಿಸಿ, ಅಸದ ಗಿಟಾರಿನ ಕಡೆ ಗೋಣು ಹಾಕಿದ. ಬಸವಪ್ರಭು ಬಾರಿಸಲಿಲ್ಲ. ಋತುಜಾಳೇ ತನ್ನ ಗಿಟಾರ್ ಜೋಡಿಸಿ, ಕೆಂಪಿನಿಂದ ಗುಮ್ಮಟದವರೆಗಿನ ಡಬ್ಬಿಗಳನ್ನು ತುಳಿದು, ಒಂದು ಸಲ ತಂತಿ ಎಳೆದಳು.

ದನಿ ಎದ್ದಿತು. ಹರಿದ ದನಿಯೇ, ಆದರೆ ಒಂದೊಂದು ಎಳೆಯೂ ಬೇರೆ ಬೇರೆ ಕೇಳುವಂಥದ್ದು. ಎದ್ದು, ತೇಲಿ, ಗುಮ್ಮಟ ಸುತ್ತಿ ಬಂದು ಮೆಲ್ಲಗೆ ಕೂತಿತು. ಶಿವಯೋಗೀಶ “ಹಾಂ!” ಅಂದವನು ತನ್ನ ಬಾಯಿಯಿಂದಲೇ ಬಂತೆಂದು ನಾಚಿ ಕೀಬೋರ್ಡಿನ ಚೀಲ ಬಿಚ್ಚತೊಡಗಿದ.

“ಏನಾಗಿತ್ತಂತ ಯಪ್ಪಾ ಅದಕ್ಕ?” ಈರವ್ವ ಬಾಗಿಲಿಂದ ಕೇಳಿದಳು. ಆರತಿ ಅವಳ ಬೆನ್ನ ಹಿಂದೆ ಸೆರಗಿನ ತುದಿ ಹಿಡಿದು ನಿಂತಿದ್ದಳು.

“ಅದನ್ನ ನಾನೂ ಕೇಳ್ಬೇಕಂತ ಬಂದೇನ್ರಿ,” ಅಂದಳು ಋತುಜಾ, ತಂತಿಯ ಮೇಲೆ ಅಂಗೈ ಇಟ್ಟು. “ದನಿ ಭಾಳ ಛಲೋ ಐತಿ. ಆದ್ರ ಶನಿವಾರ ಹಂಗ ಯಾಕಾತು? ತಪ್ಪು ನಿಮ್ಮದಿತ್ತೋ, ಬ್ಯಾರೇದವ್ರದೋ? ವೇದಿಕಿ ಮ್ಯಾಲ ನನಗ ಹಂಗಾಗಬಾರದು ನೋಡ್ರಿ. ಅದೊಂದು ಖರೇ ಹೇಳ್ರಿ, ನನ್ನ ಬೋರ್ಡು ಇವತ್ತ ನಿಮ್ಮ ಕೈಯಾಗ ಕೊಡ್ತೇನಿ.”

ಬಸವಪ್ರಭು ತಗ್ಗಿಸಿದ ತಲೆ ಎತ್ತದೆ, ಶ್ರುತಿಯಾಗಿದ್ದ ತಂತಿಯನ್ನೇ ಮತ್ತೆ ತಿರುವುತ್ತಿದ್ದ. ತಿರುವುತ್ತ ಕಾಯುತ್ತಿದ್ದ. ಅಸದನಿಗೆ ಆ ಕಾಯುವಿಕೆ ಕಂಡಿತು. ಇವನಿಗೆ ಗೊತ್ತು, ನಾನು ಆಯಿಯ ಪೂಜೆಯನ್ನು ಆಯಿಯ ಮುಂದೆ ತಪ್ಪು ಅನ್ನಲಾರೆ. ಆ ಹುಡುಗಿಯ ಕಡೆ ಬೆರಳು ತೋರಿಸಲಾರೆ, ಬೆರಳು ತೋರಿಸುವುದು ಹೇಗಿರುತ್ತದೆ ಎಂದು ಶನಿವಾರ ನೋಡಿದ್ದೇನೆ. ‘ಚೀಟಿ ನಂದು, ತಪ್ಪು ನಂದು’ ಅಂದರೆ ಭೋಂಗಾ ಅಂದದ್ದಕ್ಕೆ ನಾನೇ ಸಹಿ ಹಾಕಿದ ಹಾಗೆ. ಬಾಯಿ ಬಿಡಬೇಕಾದವನು ಆ ಮಗ. ಅವನು ತಂತಿ ತಿರುವುತ್ತಿದ್ದಾನೆ.

ಅಸದ ಕಿವಿಯ ಹಿಂದಿನ ಪೆನ್ನು ತೆಗೆದು ಚೀಟಿಯ ತುದಿಗೆ ದೊಡ್ಡದಾಗಿ ‘ಬಲಗಡೆಯಿಂದ’ ಎಂದು ಬರೆದ. ಕಾಗದ ಹರಿಯುವಷ್ಟು ಒತ್ತಿ ಬರೆದ. ಪಕ್ಕಡವನ್ನು ಒರೆಸದೆ ಹಾಗೇ ಜೇಬಿಗಿಟ್ಟ. ಈರವ್ವನ ಮುಂದೆ ಬಂದಾಗ ಒಂದು ಗಳಿಗೆ ತಲೆ ಬಾಗಿಸಿ, ಹೊರಗೆ ಬಂದು ಚಪ್ಪಲಿ ಮೆಟ್ಟಿದ.

“ಅಸದ ಅವ್ರ?” ಋತುಜಾ ಕರೆದಳು.

“ಲೇ, ಕೇಳಾಕತ್ತಾರಲ್ಲ, ಹೇಳಿ ಹೋಗಲೇ!” ಬಸವಪ್ರಭು ಕೂಗಿದ. ಈ ಸಲ ಮೈಕು ಇರಲಿಲ್ಲ. ದನಿ ಅಂಗಳ ದಾಟುವಷ್ಟರಲ್ಲಿ ಸೋತಿತು.

ಅಸದ ಗೇಟು ತೆರೆದ, ತನ್ನ ಹಿಂದೆ ಸಪ್ಪಳವಿಲ್ಲದೆ ಮುಚ್ಚಿದ, ನಡೆದ.